ಸವೆದ ಬಾಣ

ಭಾವನ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ನಲ್ಲಿ, ಸೈಕಲ್ ಪಂಪು, ಊಟದ ಲೋಟ, ಲೋಹದ್ದು ಏನು ಕೈಗೆ ಬಂದರೂ ಅದರ ಮೈಮೇಲೆ ಆ ಬೆರಳು ಏನನ್ನೋ ಹುಡುಕುತ್ತಿತ್ತು.

ಅವರು ನನ್ನ ಅಕ್ಕನ ಗಂಡ. ಐವತ್ತರ ದಶಕದಲ್ಲಿ ಬಂಟ್ವಾಳದ ಒಂದು ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಭತ್ತ ಬೇಯಿಸುವ ಬಾಯ್ಲರಿಗೆ ಕೈಪಂಪಿನಿಂದ ನೀರು ಹೋಗುವ ದಾರಿಯಲ್ಲಿ ಒಂದು ಹಿತ್ತಾಳೆ ವಾಲ್ವ್ ಇತ್ತು. ನೀರನ್ನು ಒಳಗೆ ಬಿಡುವುದು, ಕುದಿನೀರನ್ನು ಹಿಂದಕ್ಕೆ ಬಿಡದಿರುವುದು ಅದರ ಕೆಲಸ. ನೀರು ಯಾವ ಕಡೆಗೆ ಹರಿಯಬೇಕೆಂದು ಮೈಮೇಲೆ ಬಾಣದ ಗುರುತು. ಪ್ರತಿ ಆಯುಧಪೂಜೆಗೆ ಅದನ್ನು ಬಿಚ್ಚಿ, ಹುಣಸೆಹುಳಿ ಹಾಕಿ ತಿಕ್ಕಿ, ಗಂಧ ಕುಂಕುಮ ಹಚ್ಚಿ ಪೂಜೆಗಿಡುವುದು ಆ ಮಿಲ್ಲಿನ ಕ್ರಮ. ವರ್ಷವರ್ಷವೂ ತಿಕ್ಕಿ ಬಾಣ ಸವೆದಿತ್ತು. ಮೈಸೂರಿನ ಕಾಲೇಜಿನಿಂದ ರಜೆಗೆ ಬಂದಿದ್ದ ನನಗೆ ಕುಂಕುಮ ಮೆತ್ತಿದ ಆ ವಾಲ್ವನ್ನು ಕಂಡ ನೆನಪಿದೆ. ಕಂಡೆನೋ, ಆಮೇಲೆ ಕೇಳಿದ್ದನ್ನು ಕಣ್ಣಿಗೆ ಅಂಟಿಸಿಕೊಂಡೆನೋ, ಹೇಳಲಾರೆ.

ಆ ವರ್ಷ ಪೂಜೆಯ ಮರುದಿನ ಭಾವ ಅದನ್ನು ಹಿಂದುಮುಂದಾಗಿ ಜೋಡಿಸಿದರು. ಬಾಯ್ಲರಿನಲ್ಲಿ ಮೊದಲೇ ನೀರಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ನೀರು ಇಳಿದಾಗ, ಬೆಂಕಿ ನೋಡುವ ಕೆಲಸದ, ನಾರಾವಿ ಊರಿನವನು ಪಂಪು ಒತ್ತಿದ, ಹಿಡಿ ಅಲುಗಲಿಲ್ಲ. ಕಸ ಸಿಕ್ಕಿರಬೇಕೆಂದು, ವಾಲ್ವ್ ತಡೆಯುತ್ತದೆಂಬ ನಂಬಿಕೆಯಿಂದ, ಪಂಪಿನ ಜೋಡಣೆ ಸಡಿಲಿಸಿದ. ಕುದಿನೀರು ಹಿಂದಕ್ಕೆ ನುಗ್ಗಿ ಅವನ ಮುಖ, ಎದೆ ಬೇಯಿಸಿತು. ಅವನು ಆ ವಾರ ದಾಟಲಿಲ್ಲ. ಭಾವನ ಬುತ್ತಿಯಲ್ಲೇ ಕೈಹಾಕಿ ಉಣ್ಣುತ್ತಿದ್ದ ಗೆಳೆಯ. ಭಾವನ ಗೊರಕೆಗೆ ಬೇರೆಯೇ ಬಾಯ್ಲರ್ ಬೇಕೆಂದು ಗೇಲಿ ಮಾಡುತ್ತಿದ್ದವನು.

ವಿಚಾರಣೆಗೆ ಬರುವ ಅಧಿಕಾರಿಗೆ ಅವನು ಕುಡಿದಿದ್ದನೆಂದು ಹೇಳುವ ಎಂದರು ಮಿಲ್ಲಿನ ಧಣಿ. "ಸತ್ತವನಿಗೆ ಇನ್ನೇನು ಮಾರಾಯ? ನೀನು ಬದುಕಬೇಕಲ್ಲ."

ಭಾವ ತುಳುವಿನಲ್ಲಿ ಉತ್ತರಿಸಿರಬೇಕು. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲಿದೆ. "ಅವನ ಮಕ್ಕಳು ಆ ಊರಲ್ಲೇ ಬೆಳೆಯಬೇಕು ಧಣಿ. ವಾಲ್ವ್ ತಪ್ಪಾಗಿ ಕೂಡಿಸಿದ್ದು ನಾನು. ಹಾಗೆಯೇ ಹೇಳ್ತೇನೆ."

ಹೇಳಿದರು. ಕೆಲಸ ಹೋಯಿತು. ಬೇರೆ ಯಾವ ಮಿಲ್ಲೂ ಸೇರಿಸಿಕೊಳ್ಳಲಿಲ್ಲ. ಮೂಡುಬಿದಿರೆಯಲ್ಲಿ ಸೈಕಲ್ ರಿಪೇರಿಗೆ ಕುಳಿತರು. ಪ್ರತಿ ಆಯುಧಪೂಜೆಗೆ ಅಂಗಡಿ ಮುಚ್ಚಿ ನಾರಾವಿಗೆ ಹೋಗುತ್ತಿದ್ದರು. ಸತ್ತವನ ಹೆಂಡತಿ ಒಮ್ಮೆಯೂ ಒಳಗೆ ಕರೆಯಲಿಲ್ಲವಂತೆ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು.

ಅರವತ್ತರ ದಶಕದ ಕೊನೆಯಲ್ಲಿ ಜ್ವರ ಹಿಡಿದು ಮಲಗಿದರು. ನಾನು ಹಿತ್ತಾಳೆ ಗಿಂಡಿಯಲ್ಲಿ ನೀರು ಕೊಟ್ಟೆ. ಹೆಬ್ಬೆರಳು ಅದರ ಹೊಟ್ಟೆಯ ಮೇಲೆ ಹರಿದಾಡಿತು. "ಬಾಣ ಯಾವ ಕಡೆ ಉಂಟು?" ಎಂದು ಕೇಳಿದರು. ಪುರಾವೆಯಿಲ್ಲದೆ ಏನನ್ನೂ ಒಪ್ಪದ ನಾನು, "ಸರಿಯಾದ ಕಡೆಗೇ ಉಂಟು ಭಾವ" ಎಂದೆ. ಮರುದಿನ ಅವರಿರಲಿಲ್ಲ.

ಅಕ್ಕ ಹೇಳುವುದೇ ಬೇರೆ: ಅಷ್ಟು ಹೊತ್ತಿಗೆ ಅವರ ಗಂಟಲು ಕಟ್ಟಿಹೋಗಿತ್ತು, ಅವರು ಏನನ್ನೂ ಕೇಳಲೇ ಇಲ್ಲ. ಇರಬಹುದು. ನಾನು ಕೊಟ್ಟ ಉತ್ತರ ಮಾತ್ರ ಅವಳಿಗೂ ಕೇಳಿಸಿತ್ತು.