ಹೊಕ್ಕಳಬಳ್ಳಿ ಕೊಯ್ದವಳು

ಮಲ್ಕಾಜ್‌ಗಿರಿಯ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಯಲ್ಲಿ ಕ್ರಿಸ್‌ಮಸ್ ನಾಟಕಕ್ಕೆಂದೇ ಒಂದು ರಟ್ಟಿನ ಎತ್ತಿತ್ತು. ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಪಾರ್ಸೆಲ್ ಪೆಟ್ಟಿಗೆ ಕತ್ತರಿಸಿ ಮಾಡಿದ್ದ ಅದಕ್ಕೆ ವರ್ಷವರ್ಷವೂ ಬಣ್ಣ ಬಳಿದು ಬಳಿದು, ಈಗದು ಎತ್ತಿಗಿಂತ ಹೆಚ್ಚಾಗಿ ಹಳೆಯ ಮಂತ್ರಿಯೊಬ್ಬರ ಹಾಗೆ ದಪ್ಪಗೆ, ತೃಪ್ತವಾಗಿ ಕಾಣುತ್ತಿತ್ತು. ಆ ವರ್ಷ ನಾಟಕದ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು. ಹಗಲೆಲ್ಲ ಮಾಧಾಪುರದ ಗಾಜಿನ ಕಟ್ಟಡದಲ್ಲಿ ಕುಳಿತು ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕಿ ಸಂಬಳ ಪಡೆಯುವವನ ಕೈಗೆ ದೇವರ ಕಥೆಯನ್ನು ಕೊಡಬಾರದಿತ್ತು, ನಿಜ. ಆದರೆ ಕಂಪ್ಯೂಟರಿನವನಿಗೆ ತಿಳಿಯದ್ದಿಲ್ಲವೆಂದು ಆಗ ಇಡೀ ಹೈದರಾಬಾದೇ ನಂಬಿತ್ತು, ಜೊತೆಗೆ ನಾನೂ ನಂಬಿದ್ದೆ.

ತಪ್ಪನ್ನು ಮೊದಲು ಹಿಡಿದದ್ದು ಮಾತ್ರ ನಾನಲ್ಲ, ರೂತಮ್ಮ. ಯಾದಗಿರಿ ಕಡೆಯಿಂದ ಬಂದು ಅಂಥವೇ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿದ್ದ ಆಕೆ, ತಗಡಿನ ಶೆಡ್ಡುಗಳ ಕೂಲಿ ಹೆಂಗಸರಿಗೆ ಸೂಲಗಿತ್ತಿಯೂ ಆಗಿದ್ದಳು. ತಾಲೀಮು ನೋಡುತ್ತ ಚಾಪೆಯ ಮೇಲೆ ಕುಳಿತಿದ್ದವಳು ಕೇಳಿದಳು:

“ತಮ್ಮಾ, ವರ್ಷಾ ವರ್ಷಾ ನೋಡಾಕತ್ತೀನಿ. ಕುರುಬರು ಬರ್ತಾರ, ರಾಜರು ಬರ್ತಾರ, ಎತ್ತೂ ಬರ್ತೈತಿ. ಹೊಕ್ಕಳಬಳ್ಳಿ ಕೊಯ್ದಾಕಿ ಎಲ್ಲಿ? ಚೊಚ್ಚಲ ಹೆರಿಗಿ, ಒಬ್ಬಾಕೀನ ಬಿಟ್ಟಿದ್ರೇನು?”

ನನಗೆ ನಗು ಬಂತು, ಆಕೆ ನಗಲಿಲ್ಲ. ಅಂಥದೊಂದು ಶೆಡ್ಡಿನಲ್ಲಿ ಒಬ್ಬಳೇ ಹೆತ್ತು, ಆ ಮೊದಲ ಮಗುವನ್ನು ಉಳಿಸಿಕೊಳ್ಳಲಾಗದೆ, ಆ ಮೇಲೆಯೇ ಸೂಲಗಿತ್ತಿಯ ಕೆಲಸ ಕಲಿತವಳೆಂದು ಪಕ್ಕದವರು ಹೇಳಿದಾಗ ನನ್ನ ನಗುವಿಗೆ ನನಗೇ ನಾಚಿಕೆಯಾಯಿತು.

ಆಫೀಸಿನ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಆದಿಕಾಲದ ಕ್ರೈಸ್ತ ಸಭೆ ಎಂದೋ ಧರ್ಮಗ್ರಂಥದಿಂದ ಹೊರಗಿಟ್ಟ ಹಳೆಯ ಸುವಾರ್ತೆಗಳು ಸಿಕ್ಕವು. ಅವುಗಳಲ್ಲಿ ಕೊಟ್ಟಿಗೆಯ ಬದಲು ಗುಹೆಯಿತ್ತು, ಸೂಲಗಿತ್ತಿಯೂ ಇದ್ದಳು! ಇನ್ನೊಂದು ತಮಾಷೆ ಕೇಳಿ: ನಾವು ಒಪ್ಪಿಕೊಂಡ ಸುವಾರ್ತೆಯ ಹೆರಿಗೆಯಲ್ಲಿ ಎತ್ತೇ ಇಲ್ಲ, ಅದೂ ಈ ಹೊರಗಿಟ್ಟ ಪುಸ್ತಕಗಳಿಂದಲೇ ಒಳಗೆ ನುಸುಳಿದ್ದು. ಹಿಗ್ಗಿನಿಂದ, ಎತ್ತು ಮಾಡಿದ್ದ ಹಿರಿಯರ ಬಳಿಗೆ ಓಡಿದೆ.

“ಸೂಲಗಿತ್ತಿ ನಮ್ಮ ಪುಸ್ತಕದಾಗ ಇಲ್ಲರೀ,” ಎಂದರು.

“ಎತ್ತೂ ಇಲ್ಲವಲ್ಲ ಸಾರ್?”

“ಎತ್ತು ಪದ್ಧತಿರಿ.”

ದನಕ್ಕೆ ಸಿಕ್ಕ ರಿಯಾಯಿತಿ ಹೆಂಗಸಿಗೆ ಸಿಗಲಿಲ್ಲ. ರೂತಮ್ಮನಿಗಾದರೂ ಸಮಾಧಾನವಾಗಲೆಂದು ಆ ಹಳೆಯ ಕಥೆ ಹೇಳಿದೆ: ಗುಹೆಯ ತುಂಬ ಬೆಳಕಾಯಿತಂತೆ, ನೋವೇ ಇಲ್ಲದೆ ಮಗು ಬಂತಂತೆ, ಸೂಲಗಿತ್ತಿ ಬೆರಗಾಗಿ ನಿಂತಳಂತೆ.

“ಬ್ಯಾನಿ ಇಲ್ದ ಹಡದ್ಲಾ? ಹಂಗಾದ್ರ ಆ ಪುಸ್ತಕಾ ಬರದಾಂವ ಹೊರಗ ನಿಂತಿದ್ದ, ಬಿಡು.”

ಇದನ್ನು ಆಫೀಸಿನಲ್ಲಿ ಪಕ್ಕದ ಮೇಜಿನ ಸಲೀಮನಿಗೆ ಹೇಳಿದೆ. ತಮ್ಮ ಧರ್ಮಗ್ರಂಥದಲ್ಲಿ ಕಥೆ ಬೇರೆಯೇ ಇದೆಯೆಂದ. ಅಲ್ಲಿ ಕೊಟ್ಟಿಗೆಯಿಲ್ಲ, ಗಂಡನಿಲ್ಲ. ಖರ್ಜೂರದ ಮರದ ಬುಡದಲ್ಲಿ ಮರಿಯಮ್ ಒಬ್ಬಳೇ, ನೋವು ತಾಳಲಾರದೆ ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ಮೊರೆಯಿಡುತ್ತಾಳೆ. ಅದನ್ನೂ ಹೊತ್ತು ತಂದು ರೂತಮ್ಮನಿಗೊಪ್ಪಿಸಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಇದು ಖರೆ ಐತಿ” ಎಂದಳು. ನಮ್ಮ ಮರಿಯಳ ನೋವಿಗೆ ಸಾಕ್ಷಿ ನೆರೆಯವರ ಗ್ರಂಥದಲ್ಲಿ ಸಿಕ್ಕಿತು. ಅದಕ್ಕೆ ಮೊಹರು ಒತ್ತಿದವಳು ಯಾವ ಪುಸ್ತಕವನ್ನೂ ಓದಲು ಬಾರದವಳು. ನಾನಂತೂ ಸಲೀಮನಿಗೂ ಆಕೆಗೂ ನಡುವೆ ಟಪಾಲಿನವನಾಗಿದ್ದೆ.

ನಾಟಕದ ದಿನ ಮರಿಯಳಾಗಿದ್ದ ಹುಡುಗಿ, ನಾನೇ ಹೇಳಿಕೊಟ್ಟಂತೆ, ಕ್ಯಾಲೆಂಡರಿನ ಚಿತ್ರದ ನಗೆ ನಗುತ್ತ ಕುಳಿತಿದ್ದಳು. ಮಗುವಿನ ಗೊಂಬೆಯನ್ನು ಶಾಲಿನಡಿಯಿಂದ ತೆಗೆಯುವ ಹೊತ್ತಿಗೆ ರೂತಮ್ಮ ಚಾಪೆಯಿಂದೆದ್ದು, ಬಿಸಿನೀರಿನ ತಂಬಿಗೆ ಹಿಡಿದು ನೆಟ್ಟಗೆ ವೇದಿಕೆ ಹತ್ತಿದಳು. ಪೇಟ ಸುತ್ತಿಕೊಂಡಿದ್ದ ಗಂಡ ಯೋಸೇಫನನ್ನು “ಗಂಡಸ್ರು ಹೊರಗ ನಡೀರಿ” ಎಂದು ಕಳಿಸಿ, ಹುಡುಗಿಯ ಹಿಂದೆ ಕುಳಿತು ಸೊಂಟ ನೀವತೊಡಗಿದಳು. ಯಾರೂ ಹೇಳಿಕೊಡದೆ ಹುಡುಗಿಯ ಬಾಯಿಂದ “ಯವ್ವಾ” ಎಂಬ ಕೂಗು ಹೊರಟಿತು. ಸಭೆಯ ಹೆಂಗಸರೆಲ್ಲ ಒಮ್ಮೆಗೇ ಮುಂದಕ್ಕೆ ಬಾಗಿದರು.

ಹಿರಿಯರು ನನ್ನ ಕಿವಿಯಲ್ಲಿ, “ಇದು ಯಾವ ಪುಸ್ತಕದಾಗ ಐತ್ರಿ?” ಎಂದರು. ಅಷ್ಟರಲ್ಲಿ ರೂತಮ್ಮ ಹುಡುಗಿಯ ತಲೆಯನ್ನು ಎದೆಗೊರಗಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಒಬ್ಬಾಕಿ ಅಲ್ಲವ್ವಾ ನೀ. ನಾ ಬಂದೀನಿ.”