ರತ್ನಕ್ಕನ ಎಡಗೈ

ಕಂಪ್ಯೂಟರು ನಮ್ಮ ಮನೆಗೆ ಮೊದಲ ಸಲ ಬಂದದ್ದು ಸ್ನಾನದ ಟವೆಲಿನಲ್ಲಿ ಸುತ್ತಿಕೊಂಡು, ನನ್ನ ತೊಡೆಯ ಮೇಲೆ ಕೂತು, ನುಂಗಂಬಾಕ್ಕಂನಿಂದ ಮಾಂಬಲದ ಕಡೆ ಬರುವ ಸಂಜೆಯ ಎಲೆಕ್ಟ್ರಿಕ್ ರೈಲಿನಲ್ಲಿ. ಎರಡೂ ಕೈಗಳಿಂದ ಅದನ್ನು ಅವುಚಿಕೊಂಡು, ಬಾಗಿಲ ಬಳಿಯ ನೂಕುನುಗ್ಗಲಿಗೆ ಬೆನ್ನು ಕೊಟ್ಟು ಕೂತಿದ್ದ ನನ್ನನ್ನು ಎದುರು ಸೀಟಿನ ಹೂವಾಡಗಿತ್ತಿ ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ, "ಶ್ರುತಿ ಪೆಟ್ಟಿಯಾ ಸಾರ್?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಮದ್ರಾಸಿನಲ್ಲಿ ಸಂಗೀತದ ಪೆಟ್ಟಿಗೆ ಹೊತ್ತವನಿಗೆ ಜನ ದಾರಿ ಬಿಡುತ್ತಾರೆ. ಕಂಪ್ಯೂಟರೆಂದಿದ್ದರೆ ಅದೇನೆಂದು ವಿವರಿಸುವಷ್ಟರಲ್ಲಿ ನನ್ನ ಸ್ಟೇಷನ್ನು ದಾಟಿಹೋಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನೀರೆತ್ತುವ ಪಂಪುಗಳನ್ನು ಮಾರುವ ಒಂದು ಕಂಪನಿಯಲ್ಲಿ ನಾನು ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಕಂಪನಿಯ ಯಜಮಾನರು ಸಿಂಗಪುರಕ್ಕೆ ಹೋದವರು ಈ ಮಡಚುವ ಯಂತ್ರವನ್ನು ಕೊಂಡು ತಂದು, ಮುಂದೇನು ಮಾಡಬೇಕೆಂದು ತಿಳಿಯದೆ ನಮ್ಮ ಮ್ಯಾನೇಜರ್ ರಾಘವನ್ ಅವರ ಕೈಗೆ ಕೊಟ್ಟರು. ಅವರು ಅದೇ ಕಾರಣಕ್ಕೆ ನನ್ನ ಕೈಗೆ ಕೊಟ್ಟರು. "ಮನೆಗೆ ಕೊಂಡುಹೋಗಿ ನಿಧಾನವಾಗಿ ಕಲಿಯಿರಿ ಮೂರ್ತಿ, ಆಮೇಲೆ ಆಫೀಸಿನವರಿಗೆಲ್ಲ ನೀವೇ ಕಲಿಸಬೇಕು," ಎಂದರು. ಅದಕ್ಕೆ ನೋಟ್‌ಬುಕ್ ಎಂದು ಹೆಸರು. "ನಿಮ್ಮ ಆಫೀಸಿನಲ್ಲಿ ನೋಟ್‌ಬುಕ್ಕನ್ನು ಇಬ್ಬರು ಹೊರಬೇಕಾ?" ಎಂದು ನನ್ನ ಹೆಂಡತಿ ಪದ್ಮಾ ಅದನ್ನು ಎತ್ತಿ ನೋಡಿ ನಕ್ಕಳು.

ಹೊಸ ಯಂತ್ರವನ್ನು ಮನೆಯಲ್ಲಿ ಹೂಡುವುದೆಂದರೆ ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡಷ್ಟೇ ಗಡಿಬಿಡಿ, ನೋಡಿ. ಅದರ ಪ್ಲಗ್ಗಿಗೆ ಚೌಕದ ಕಾಲುಗಳು, ನಮ್ಮ ಗೋಡೆಗೆ ದುಂಡನೆಯ ತೂತುಗಳು. ಅವೆರಡರ ನಡುವೆ ಸಂಧಾನ ಮಾಡಿಸುವ ಒಂದು ತುಂಡಿಗಾಗಿ ಮೌಂಟ್ ರೋಡಿನ ಹಿಂಬದಿಯ ರೇಡಿಯೋ ಅಂಗಡಿಗಳನ್ನೆಲ್ಲ ಅಲೆದೆ. ನಮ್ಮ ಬೀದಿಯ ಕರೆಂಟು ಸಂಜೆಯಾದರೆ ಕುಗ್ಗಿ, ಊಟದ ಹೊತ್ತಿಗೆ ಚಿಮ್ಮುವ ಸ್ವಭಾವದ್ದಾದ್ದರಿಂದ ಟೀವಿಯ ಸ್ಟೆಬಿಲೈಸರನ್ನು ಕಿತ್ತು ಇದಕ್ಕೆ ಹಾಕಿದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಕು, ಪೂರ್ತಿ ಬರಿದಾಗಲು ಬಿಡಬೇಕು, ಮತ್ತೆ ತುಂಬಿಸಬೇಕು ಎಂದು ಜೊತೆಗೆ ಬಂದಿದ್ದ ಪುಸ್ತಕ ಹೇಳುತ್ತಿತ್ತು. ಆ ಉಪವಾಸ ಪಾರಣೆಗಳ ಕ್ರಮವನ್ನು ನಾನು ಏಕಾದಶಿಗಿಂತ ಶ್ರದ್ಧೆಯಿಂದ ಪಾಲಿಸಿದೆ. ಕೊನೆಗೊಂದು ದಿನ ಚಪ್ಪಟೆ ಡಿಸ್ಕನ್ನು ಅದರ ಪಕ್ಕೆಗೆ ತೂರಿಸಿ ಗುಂಡಿ ಒತ್ತಿದಾಗ, ಒಳಗೇನೋ ಹಲ್ಲು ಕಡಿದಂತಾಗಿ, ನಸುನೀಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಗೆರೆ ರೆಪ್ಪೆ ಬಡಿಯತೊಡಗಿತು. ನಾನು, ಪದ್ಮಾ ಇಬ್ಬರೂ ಚಪ್ಪಾಳೆ ತಟ್ಟಿದೆವು. ಬಾಗಿಲಿಗೆ ಒರಗಿ ನಿಂತಿದ್ದ ರತ್ನಕ್ಕ ತಟ್ಟಲಿಲ್ಲ.

ರತ್ನಕ್ಕ ನನ್ನ ಒಡಹುಟ್ಟಿದ ಅಕ್ಕ. ತುಮಕೂರು ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದ್ರಾಸಿಗೆ ಬಂದ ಅಪ್ಪ ಬೇಗ ತೀರಿಕೊಂಡಾಗ, ಟೈಪಿಂಗ್ ಕಲಿತು, ಆಮೇಲೆ ಕಲಿಸಿ, ನಮ್ಮನ್ನೆಲ್ಲ ದಡ ಸೇರಿಸಿದವಳು ಅವಳೇ. ಮದುವೆಯ ಮಾತೆತ್ತಿದರೆ, "ಕ್ಲಾಸಿಗೆ ಹೊತ್ತಾಯ್ತು," ಎಂದು ಎದ್ದು ಹೋಗುತ್ತಿದ್ದಳು. ವೆಸ್ಟ್ ಮಾಂಬಲಂನ ನಮ್ಮ ಬಾಡಿಗೆಮನೆಯ ಮುಂದಿನ ಹಜಾರವೇ ಅವಳ ಇನ್‌ಸ್ಟಿಟ್ಯೂಟು. ಅಲ್ಲಿ ಕಪ್ಪು ಟೈಪ್‌ರೈಟರುಗಳು ಸಾಲಾಗಿ ಕೂತು, ಬೆಳಗ್ಗೆ ಸಂಜೆ ದಾವಣಿ ಹುಡುಗಿಯರ ಬೆರಳಿನ ಕೆಳಗೆ ಆಲಿಕಲ್ಲಿನ ಮಳೆ ಸುರಿಸುತ್ತಿದ್ದವು. ಸಾಲು ಮುಗಿಯುತ್ತ ಬಂದಾಗ ಟಿಣ್ ಎನ್ನುವ ಗಂಟೆ, ಎಡಗೈ ಬೀಸಿ ಪಕ್ಕದ ಹಿಡಿಯನ್ನು ತಳ್ಳಿದಾಗ ಕಾಗದದ ಸಮೇತ ಗರಕ್ಕೆಂದು ಸಾಲಿನ ಮೊದಲಿಗೆ ಓಡುವ ಉರುಳೆ, ಮತ್ತೆ ಮಳೆ. ಆ ಸದ್ದಿನಲ್ಲೇ ನಾನು ಪರೀಕ್ಷೆಗೆ ಓದಿದ್ದೆ, ಆ ಸದ್ದಿನಲ್ಲೇ ನನ್ನ ಹೆಣ್ಣು ನೋಡುವ ಮಾತುಕತೆಯೂ ನಡೆದಿತ್ತು.

ಚಪ್ಪಾಳೆ ತಟ್ಟದ್ದಕ್ಕೆ ಕಾರಣವಿತ್ತು. ಆ ವರ್ಷ ಪಾಂಡಿ ಬಜಾರಿನ ಕಡೆ ಕಂಪ್ಯೂಟರ್ ಕ್ಲಾಸುಗಳು ಬೋರ್ಡು ಏರಿಸಿದ್ದವು. ಅಕ್ಕನ ಹಜಾರದ ಕೊನೆಯ ಸಾಲಿನ ಯಂತ್ರಗಳಿಗೆ ಮುಸುಕು ಹೊದಿಸಿ ಆಗಲೇ ತಿಂಗಳುಗಳಾಗಿದ್ದವು. ಅದನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿದರೆ, "ಮಳೆಗಾಲ ಅಲ್ವೇನೋ, ಧೂಳಿಗೆ," ಎನ್ನುತ್ತಿದ್ದಳು. ಮಳೆಗಾಲಕ್ಕೂ ಧೂಳಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಗಿರುವಾಗ ಅವಳ ಅನ್ನಕ್ಕೆ ಎದುರಾಳಿಯಾಗಿ ಬಂದ ಯಂತ್ರವನ್ನು ಅವಳ ತಮ್ಮನೇ ಟವೆಲಿನಲ್ಲಿ ಸುತ್ತಿ, ಶೀತವಾಗದಂತೆ ಹೊತ್ತು ತಂದಿದ್ದ.

ಆದರೂ ಕುತೂಹಲ ಎಂಬುದು ಬಿಗುಮಾನಕ್ಕಿಂತ ಬಲವಾದದ್ದು. ಎರಡು ಬೆರಳಲ್ಲಿ ಕೋಳಿ ಕಾಳು ಹೆಕ್ಕಿದಂತೆ ನಾನು ಅಕ್ಷರ ಹುಡುಕುವುದನ್ನು ನೋಡಲಾರದೆ, ಒಂದು ಭಾನುವಾರ ಬೆಳಗ್ಗೆ ಅಕ್ಕ, "ಏಳೋ, ನಿನ್ನ ನೋಡಿದ್ರೆ ನನ್ನ ಬೆರಳು ನೋಯತ್ತೆ," ಎಂದು ನನ್ನನ್ನು ಎಬ್ಬಿಸಿ ತಾನೇ ಕೂತಳು. ಸೆರಗು ಸಿಕ್ಕಿಸಿದಳು, ಬೆನ್ನು ನೆಟ್ಟಗೆ ಮಾಡಿದಳು, ಬೆರಳುಗಳನ್ನು ಅವುಗಳ ಮನೆಗಳಲ್ಲಿ ಕೂರಿಸಿದಳು. ಪರದೆಯ ಮೇಲೆ ಅಕ್ಷರಗಳು ಸುರಿದವು. ಒಂದು ಕ್ಷಣಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಸದ್ದೇ ಬರಲ್ವಲ್ಲೋ. ಬಿತ್ತೋ ಇಲ್ವೋ ಅಂತ ಗೊತ್ತಾಗೋದು ಹೆಂಗೆ?"

"ಕಣ್ಣಲ್ಲಿ ನೋಡು ಅಕ್ಕಾ."

"ಟೈಪ್ ಮಾಡೋರು ಕಣ್ಣಲ್ಲಿ ನೋಡ್ತಾರೇನೋ?" ಎಂದು ಬೇಕೆಂದೇ ಒಂದು ತಪ್ಪಕ್ಷರ ಒತ್ತಿದಳು. ಅಳಿಸುವುದು ಹೇಗೆಂದು ತೋರಿಸಿದೆ. ತಪ್ಪು ಮಾಯವಾಯಿತು. ಅವಳಿಗೆ ಅದೂ ಹಿಡಿಸಲಿಲ್ಲ. "ಎಲ್ಲಿ ಹೋಯ್ತು? ಒಂದು ಗುರುತಾದರೂ ಬೇಡ್ವಾ?"

ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಅವಳ ಅನುಮಾನದಲ್ಲೊಂದು ಹುರುಳಿದೆಯೆನಿಸುತ್ತದೆ. ಕಾಗದದ ಮೇಲೆ ಒತ್ತಿ ಬಿದ್ದ ತಪ್ಪನ್ನು ರಬ್ಬರಿನಿಂದ ಉಜ್ಜಿದರೂ ಅಲ್ಲೊಂದು ತೆಳುವಾದ ಗಾಯ ಉಳಿಯುತ್ತಿತ್ತು. ಅದನ್ನು ಕಂಡ ಹುಡುಗಿ ಮುಂದಿನ ಸಲ ಆ ಜಾಗದಲ್ಲಿ ಎಚ್ಚರವಾಗುತ್ತಿದ್ದಳು. ಗುರುತಿಲ್ಲದೆ ಅಳಿಯುವ ತಪ್ಪಿನಿಂದ ಕಲಿಯುವುದು ಹೇಗೆ ಎನ್ನುವುದು ಕಲಿಸುವವಳ ಪ್ರಶ್ನೆಯೇ ಹೊರತು, ಯಂತ್ರ ಮಾರುವವನ ಪ್ರಶ್ನೆಯಲ್ಲ.

ಅಷ್ಟರಲ್ಲಿ ಪದ್ಮಾ ಕಾಫಿಯ ಲೋಟವನ್ನು ತಂದು ಯಂತ್ರದ ಎಡಕ್ಕಿಟ್ಟಳು. ಅಕ್ಕ ಮತ್ತೆ ಬಾರಿಸತೊಡಗಿದಳು. ಈ ಸಲ ಅವಳಿಗೆ ಲಯ ಸಿಕ್ಕಿತ್ತು, ಮುಖ ಸಡಿಲವಾಗಿತ್ತು, ತುಟಿಯಂಚಿನಲ್ಲಿ ನಗೆಯೂ ಇತ್ತೆಂದು ನನ್ನ ನೆನಪು. ಸಾಲು ತುಂಬುತ್ತ ಬಂತು. ಗಂಟೆ ಹೊಡೆಯಲಿಲ್ಲ, ಆದರೆ ಹೊಡೆಯಬೇಕಾದ ಜಾಗ ಅವಳ ಕೈಗೆ ಗೊತ್ತಿತ್ತು. ಇಷ್ಟು ವರ್ಷ ಇಷ್ಟು ಸಾಲುಗಳ ಕೊನೆಯಲ್ಲಿ ಮಾಡಿದ್ದನ್ನೇ ಆ ಎಡಗೈ ಮಾಡಿತು: ಮೇಲೆದ್ದು, ಇಲ್ಲದ ಹಿಡಿಯನ್ನು ಹುಡುಕಿ, ಗಾಳಿಯನ್ನು ಬೀಸಿ ತಳ್ಳಿತು. ಆ ಬೀಸಿನಲ್ಲೇ ಲೋಟಕ್ಕೆ ತಗುಲಿತು. ಕಾಫಿಯೆಲ್ಲ ಕೀಲಿಗಳ ಮೇಲೆ.

ಮೂವರೂ ಒಟ್ಟಿಗೆ ಕೂಗಿಕೊಂಡೆವು. ಪದ್ಮಾ ಹಾರಿ ಹೋಗಿ ಗೋಡೆಯಿಂದ ಪ್ಲಗ್ಗು ಕಿತ್ತಳು. ಕಿತ್ತರೂ ಪರದೆ ಆರಲಿಲ್ಲ! ನಾನು ಅಷ್ಟು ಶ್ರದ್ಧೆಯಿಂದ ತುಂಬಿಸಿಟ್ಟಿದ್ದ ಬ್ಯಾಟರಿ ಒಳಗಿನಿಂದ ಅದನ್ನು ಉರಿಸುತ್ತಲೇ ಇತ್ತು. ನಾನು ಕಲ್ಲಿನಂತೆ ನಿಂತಿದ್ದೆ. "ಆರಿಸೋ!" ಎಂದು ಅಕ್ಕ ಗದರಿದ ಮೇಲೆ ಗುಂಡಿ ಒತ್ತಿದೆ, ಬ್ಯಾಟರಿ ಎಳೆದು ತೆಗೆದೆ. ಅಕ್ಕ ಯಂತ್ರವನ್ನು ಎತ್ತಿ ಬೋರಲು ಹಾಕಿದಳು. ಹಾಲು ಸಕ್ಕರೆಯ ಗಟ್ಟಿ ಕಾಫಿ ತೊಟ್ಟಿಕ್ಕಿತು. ಮರುಗಳಿಗೆಯಲ್ಲಿ ಅವಳು ಟೈಪ್‌ರೈಟರು ಬಿಚ್ಚುವ ತಿರುಪುಳಿ, ಬ್ರಷ್ಷುಗಳ ಡಬ್ಬಿಯನ್ನು ತಂದು ನೆಲದ ಮೇಲೆ ಕೂತಿದ್ದಳು.

"ಬೇಡ ಅಕ್ಕಾ, ಬಿಚ್ಚಬೇಡ!"

"ಸಕ್ಕರೆ ಒಣಗಿದ್ರೆ ಅಂಟಿಕೊಳ್ಳತ್ತೆ ಕಣೋ."

"ಅದು ಆಫೀಸಿಂದು. ನಿನಗೆ ಅದರ ಒಳಗೇನಿದೆ ಅಂತ ಗೊತ್ತಾ? ನನಗೂ ಗೊತ್ತಿಲ್ಲ."

ಅವಳು ತಿರುಪುಳಿಯನ್ನು ಕೆಳಗಿಟ್ಟಳು. ಅಕ್ಕ ನನ್ನ ಮಾತಿಗೆ ಎದುರಾಡದೆ ಸುಮ್ಮನಾದದ್ದು ನಾನು ಕಂಡಂತೆ ಅದೇ ಮೊದಲು, ಮತ್ತು ಅದು ನನಗೆ ಸಂತೋಷ ಕೊಡಲಿಲ್ಲ. ಯಂತ್ರವನ್ನು ತೆರೆದ ಪುಸ್ತಕದಂತೆ ಕವುಚಿ ಫ್ಯಾನಿನ ಕೆಳಗಿಟ್ಟೆವು. ಅಕ್ಕ ಸಂಜೆಯವರೆಗೂ ತನ್ನ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡುತ್ತ ಕೂತಿದ್ದಳು. ಪದ್ಮಾ, "ಲೋಟ ಅಲ್ಲಿಟ್ಟಿದ್ದು ನಾನು ಅಕ್ಕಾ," ಎಂದರೆ, "ನೀನು ಇಟ್ಟೆ, ಕೈ ನನ್ನದು," ಎಂದಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು: "ನಾಳೆ ನಾನೂ ಬರ್ತೀನಿ. ನಾನೇ ಹೇಳ್ತೀನಿ."

ಹೇಳಿದಳು ಕೂಡ. ಸೋಮವಾರ ರಾಘವನ್ ಅವರ ಕೋಣೆಯಲ್ಲಿ, ಹಸಿರು ಅಂಚಿನ ಸೀರೆಯುಟ್ಟು ನಿಂತು, ಅಚ್ಚ ಮಾಂಬಲದ ತಮಿಳಿನಲ್ಲಿ, ಗಂಟೆ ಹೊಡೆಯಬೇಕಾದ ಜಾಗ, ಎದ್ದ ಕೈ, ಬಿದ್ದ ಲೋಟ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಆ ಕೈ ಬೀಸು ನೋಡಿ ರಾಘವನ್ ಬೆಚ್ಚಿ ತಮ್ಮ ಮಸಿಬಾಟಲಿಯನ್ನು ಪಕ್ಕಕ್ಕೆ ಸರಿಸಿಕೊಂಡರು. "ಅಯ್ಯಯ್ಯೋ, ಎನ್ನಮ್ಮಾ ಇದು," ಎಂದು ಹಣೆ ಒತ್ತಿಕೊಂಡರು. ಯಜಮಾನರಿಗೆ ಏನು ಹೇಳುವುದೆಂಬ ಚಿಂತೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಆದರೆ ರೇಗಲಿಲ್ಲ. ಫೋನು ಮಾಡಿ, ಕಂಪ್ಯೂಟರ್ ರಿಪೇರಿ ಮಾಡುವ ಒಬ್ಬ ಎಂಜಿನಿಯರನ್ನು ಅಡ್ಯಾರಿನಿಂದ ಕರೆಸಿದರು.

ಎಂಜಿನಿಯರು ಸ್ಥೂಲಕಾಯದ, ಮಾತು ಕಡಿಮೆಯ ಮನುಷ್ಯ. ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ತಿರುಪುಗಳನ್ನು ಬಿಚ್ಚಿ, ಕೀಲಿಗಳ ಮಣೆಯನ್ನು ಹಾಗೇ ಮೇಲೆತ್ತಿದರು. ಕಾಫಿ ಆ ಮಣೆಯಲ್ಲೇ ತಂಗಿ, ಕೆಳಗಿಳಿದಿರಲಿಲ್ಲ. "ತಕ್ಷಣ ಬೋರಲು ಹಾಕಿದಿರಾ? ಒಳ್ಳೇದಾಯ್ತು," ಎಂದರು. ಅಕ್ಕ ಮೊದಲ ಸಲ ಉಸಿರು ಬಿಟ್ಟಳು, ನಾನೂ ಬಿಟ್ಟೆ. ಆಮೇಲೆ ನಡೆದದ್ದು ಅಡುಗೆಮನೆಯ ಕೆಲಸದಂತಿತ್ತು. ಅವರು ಕೀಲಿಗಳನ್ನು ಒಂದೊಂದಾಗಿ ಕಿತ್ತು ಕೊಟ್ಟರು, ಅಕ್ಕ ಚೀಲದಲ್ಲಿ ತಂದಿದ್ದ ತನ್ನ ಬ್ರಷ್ಷಿನಿಂದ ಸ್ಪಿರಿಟ್ಟು ಹಚ್ಚಿ ಉಜ್ಜಿದಳು, ನಾನು ಬಟ್ಟೆಯ ಮೇಲೆ ಒಣಗಿಸಿದೆ. ಯಾವ ಕೀಲಿ ಎಲ್ಲಿಗೆ ಎಂದು ಅವರು ಪುಸ್ತಕ ತೆರೆಯುವ ಮೊದಲೇ ಅಕ್ಕ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳುತ್ತಿದ್ದಳು. ಕೂಡಿಸಿದ್ದಾಯಿತು. ಗುಂಡಿ ಒತ್ತಿದ್ದಾಯಿತು. ಹಲ್ಲು ಕಡಿದ ಸದ್ದು, ನಸುನೀಲಿ ಬೆಳಕು, ರೆಪ್ಪೆ ಬಡಿಯುವ ಗೆರೆ.

ಒಂದು ಕೀಲಿ ಮಾತ್ರ ಬದುಕಲಿಲ್ಲ, ಅರ್ಧವಿರಾಮದ್ದು, ಅಂದರೆ ಸೆಮಿಕೋಲನ್ನಿನದು. "ಬಿಡಿ, ಪಂಪು ಮಾರೋ ಕಂಪನಿಗೆ ಅರ್ಧವಿರಾಮ ಯಾಕೆ?" ಎಂದರು ಎಂಜಿನಿಯರು. ಅಕ್ಕನ ಮುಖ ಸಣ್ಣದಾಯಿತು. "ಅದು ಬಲಗೈ ಕಿರುಬೆರಳಿನ ಮನೆ," ಎಂದಳು. ಅವರು ಅವಳನ್ನು ಒಮ್ಮೆ ನೋಡಿ, ಮತ್ತೆ ತಿರುಪುಳಿ ಕೈಗೆತ್ತಿಕೊಂಡರು. ಯಾರೂ ಮುಟ್ಟದ ಮೂಲೆಯ ಒಂದು ಕೀಲಿಯ ಕೆಳಗಿನ ಗುಂಡಿಯನ್ನು ಕಿತ್ತು ಅಲ್ಲಿಗೆ ಬೆಸೆದರು. ಅರ್ಧವಿರಾಮ ಉಸಿರಾಡಿತು. ಈಗಲೂ ಪತ್ರ ಬರೆಯುವಾಗ ಆ ಚಿಹ್ನೆಯನ್ನು ನಾನು ಅಗತ್ಯಕ್ಕಿಂತ ಹೆಚ್ಚು ಬಳಸುತ್ತೇನೆ.

"ಪರೀಕ್ಷೆ ಮಾಡಿ ನೋಡಮ್ಮಾ," ಎಂದು ರಾಘವನ್ ಒಂದು ಪತ್ರವನ್ನು ಹೇಳತೊಡಗಿದರು. ಅಕ್ಕ ಹಿಂಜರಿದು ಕೂತಳು. ಮೇಜಿನ ಮೇಲಿದ್ದುದನ್ನೆಲ್ಲ ನಾನು ಮೊದಲೇ ತೆರವು ಮಾಡಿದ್ದೆ. ಅವರು ಒಂದೊಂದು ವಾಕ್ಯ ಹೇಳಿ ಮುಗಿಸುವ ಹೊತ್ತಿಗೆ ಅವಳೂ ಮುಗಿಸಿ, ಮುಂದಿನ ವಾಕ್ಯಕ್ಕಾಗಿ ತಲೆಯೆತ್ತಿ ಕಾಯುತ್ತಿದ್ದಳು. ಸಾಲಿನ ಕೊನೆಗಳಲ್ಲಿ ಎಡಗೈ ಒಂದಿಷ್ಟು ಅದುರುತ್ತಿತ್ತು, ಆದರೆ ಏಳಲಿಲ್ಲ. ರಾಘವನ್ ಪರದೆಯನ್ನು ನೋಡಿದರು, ಆಮೇಲೆ ನನ್ನನ್ನು.

"ನಮ್ಮ ಆಫೀಸಿಗೆ ಇಂಥ ಯಂತ್ರಗಳು ಇನ್ನೂ ಬರ್ತವೆ. ನಮ್ಮವರಿಗೆ ನೀವು ಬಂದು ಕಲಿಸ್ತೀರಾಮ್ಮಾ?"

"ನನಗೆ ಕಂಪ್ಯೂಟರ್ ಬರೋದಿಲ್ಲ ಸಾರ್."

"ಮೂರ್ತಿಗೆ ಟೈಪಿಂಗ್ ಬರೋದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಮೇಷ್ಟ್ರು ಆಗ್ತಾರೆ."

ಅಕ್ಕ ಯೋಚಿಸಿದಳು. ಬೆಳಗಿನ ಕ್ಲಾಸು, ಸಂಜೆಯ ಕ್ಲಾಸು ಬಿಡಲಾಗುವುದಿಲ್ಲ, ಮಧ್ಯಾಹ್ನವಾದರೆ ಸರಿ ಎಂದಳು. ಮನೆಗೆ ಮರಳುವಾಗ, ಮಾಂಬಲದ ಸ್ಟೇಷನ್ನಿನ ಮೆಟ್ಟಿಲಿಳಿಯುತ್ತ, "ಯಂತ್ರ ಯಾವುದಾದರೇನೋ, ಬೆರಳು ಅವೇ ಅಲ್ವಾ?" ಎಂದಳು. ನನ್ನನ್ನು ಕೇಳಿದಳೋ, ತನಗೇ ಹೇಳಿಕೊಂಡಳೋ ತಿಳಿಯದೆ ನಾನು ಹೂಂಗುಟ್ಟಿದೆ.

ಗೆಳೆಯರೇ, ಅಭ್ಯಾಸ ನಮ್ಮ ತಲೆಯಲ್ಲಿ ಇರುತ್ತದೆಂದು ನಾವು ತಪ್ಪಾಗಿ ತಿಳಿದಿದ್ದೇವೆ. ಅದು ಕೈಯಲ್ಲಿ, ಮಣಿಕಟ್ಟಿನಲ್ಲಿ, ಕಿರುಬೆರಳಿನ ತುದಿಯಲ್ಲಿ ಬಿಡಾರ ಹೂಡಿರುತ್ತದೆ. ಕಾಲ ಬದಲಾಗಿದೆಯೆಂದು ತಲೆಗೆ ತಿಳಿಸುವುದು ಸುಲಭ. ಕೈಗೆ ತಿಳಿಸಲು ಸಮಯ ಹಿಡಿಯುತ್ತದೆ. ಆ ಸಮಯವನ್ನು ಅದಕ್ಕೆ ಕೊಟ್ಟರೆ, ಹಳೆಯದನ್ನು ಪೂರ್ತಿ ಮರೆಯದೆಯೇ ಅದು ಹೊಸದನ್ನು ಕಲಿಯುತ್ತದೆ.

ಯಂತ್ರಗಳು ಬಂದವು. ಮೊದಲ ಮಧ್ಯಾಹ್ನ ನುಂಗಂಬಾಕ್ಕಂ ಆಫೀಸಿನ ಉದ್ದನೆಯ ಕೋಣೆಯಲ್ಲಿ ಟೈ ಕಟ್ಟಿದ, ಕನ್ನಡಕ ಹಾಕಿದ, ನಿವೃತ್ತಿ ಹತ್ತಿರವಾದ ಅಧಿಕಾರಿಗಳೆಲ್ಲ ಹೈಸ್ಕೂಲು ಹುಡುಗರಂತೆ ಸಾಲಾಗಿ ಕೂತರು. ಕೊನೆಯ ಸಾಲಿನಲ್ಲಿ ನಾನು. ಅಕ್ಕ ಪ್ರತಿಯೊಬ್ಬರ ಕೈ ಮೇಲೂ ಒಂದೊಂದು ತುಂಡು ಬಟ್ಟೆ ಹೊದಿಸುತ್ತ ಬಂದಳು, ಬೆರಳು ಕಾಣದಂತೆ. ಆಮೇಲೆ ಮುಂದೆ ನಿಂತು, ಹಜಾರದ ಹುಡುಗಿಯರಿಗೆ ಹೇಳುವ ಅದೇ ದನಿಯಲ್ಲಿ, "ಎ, ಎಸ್, ಡಿ, ಎಫ್," ಎಂದಳು. ರಾಘವನ್ ಸಮೇತ ಎಲ್ಲರೂ ಗಟ್ಟಿಯಾಗಿ ಹೇಳಿಕೊಳ್ಳುತ್ತ ಒತ್ತತೊಡಗಿದರು. ನಾನು ಮೆಲ್ಲಗೆ ಬಟ್ಟೆಯ ಅಂಚೆತ್ತಿ ಇಣುಕಿದೆ.

"ಲೋ ಮೂರ್ತಿ!" ಇಡೀ ಕೋಣೆಗೆ ಕೇಳಿಸುವಂತೆ, ಕನ್ನಡದಲ್ಲೇ. "ಕೆಳಗೆ ನೋಡಬೇಡ ಕಣೋ. ನನ್ನ ಮುಖ ನೋಡು. ಬೆರಳಿಗೆ ದಾರಿ ಗೊತ್ತು."

ತಲೆಯೆತ್ತಿ ನೋಡಿದೆ. ಕಿಟಕಿಯ ಬೆಳಕಿನಲ್ಲಿ ನಿಂತಿದ್ದ ಅಕ್ಕ ನಗುತ್ತಿದ್ದಳು. ಅವಳು ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ ತಾಳಕ್ಕೆ ಕಿವಿಗೊಟ್ಟು, ಅವಳ ಮುಖದಿಂದ ಕಣ್ಣು ಕೀಳದೆ, ನಾನು ಒಂದು ಸಾಲು ಒತ್ತಿದೆ. ಸರಿ ಬಂತೋ ತಪ್ಪು ಬಂತೋ ನೋಡುವ ಮನಸ್ಸಾಗಲಿಲ್ಲ.