ರುದ್ರಣ್ಣನ ಸೀಟಿ

ರುದ್ರಣ್ಣನ ಕೊರಳಲ್ಲಿ ಲಿಂಗದ ಕರಡಿಗೆಯ ಜೊತೆ ಇನ್ನೊಂದು ದಾರ ಇರುತ್ತಿತ್ತು. ಅದರ ತುದಿಯಲ್ಲಿ ಸೀಟಿ. ಬಸ್ ಕಂಡಕ್ಟರ್ ಕೆಲಸದಿಂದ ರಿಟೈರಾಗಿ ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಬೀದಿಗೆ ಬಂದ ಮೇಲೂ ಅದನ್ನು ಬಿಚ್ಚಿರಲಿಲ್ಲ. ಆ ಸೀಟಿ ನನ್ನ ಹೊಟ್ಟೆ ಉರಿಸಿದಷ್ಟು ಬೇರೆ ಯಾವುದೂ ಉರಿಸಿಲ್ಲ.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಕಂಡವನು ನಾನು. ಚೇಳೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಿ.ಎಸ್ಸಿ. ಮುಗಿಸಿದೆ, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಹೈಸ್ಕೂಲು ಮೇಷ್ಟ್ರಾದೆ. ತೊಂಬತ್ತರ ದಶಕದ ಕೊನೆಯಲ್ಲಿ, ಬೀದಿಯವರನ್ನು ಆಗಾಗ ಭಾನುವಾರ ಹುತ್ರಿದುರ್ಗಕ್ಕೆ ಕರೆದೊಯ್ದು ಗಿಡ, ಹಕ್ಕಿ ತೋರಿಸುವ ನಡಿಗೆ ಶುರುಮಾಡಿದೆ.

"ಹಕ್ಕಿ ನೋಡಕ್ಕಾ ಡಿಗ್ರಿ ಓದಿದ್ದು ನೀನು?" ಎಂದು ಅವ್ವ ನಕ್ಕಳು.

ಆ ಬೆಟ್ಟದ ಬಂಡೆಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ಬಲು ನಾಚಿಕೆಯ ಹಕ್ಕಿ, ಎಲ್ಲೆಂದರಲ್ಲಿ ಕಾಣಸಿಗದು. ಅದನ್ನು ಅವ್ವನಿಗೆ ಒಮ್ಮೆ ತೋರಿಸಬೇಕು, ಮಗ ಓದಿದ್ದು ಏನೆಂದು ಅವಳಿಗೆ ತಿಳಿಯಬೇಕು. ಇಷ್ಟೇ ನನ್ನ ಆಸೆ.

ಜನ ಸೇರಿಸುತ್ತಿದ್ದುದು ರುದ್ರಣ್ಣ. ಹಿಂದಿನ ಸಂಜೆಯೇ ಬಾಗಿಲು ಬಾಗಿಲಿಗೂ ಹೋಗಿ, "ಕುಣಿಗಲ್, ಹುತ್ರಿದುರ್ಗ! ಸೀಟ್ ಐತೆ ಬರ್ರವ್ವಾ" ಎಂದು ಕೂಗುತ್ತಿದ್ದರು. ಆದರೆ ಬೆಳಿಗ್ಗೆ ವ್ಯಾನು ಭರ್ತಿಯಾಗದೆ ಹೊರಡಲು ಬಿಡುತ್ತಿರಲಿಲ್ಲ. "ಪಕ್ಕದ್ಮನೆಯೋರು ತಲೆ ಬಾಚ್ಕಂತಾವ್ರೆ, ತಡ್ಕಳಿ ಮೇಷ್ಟ್ರೇ." ನಾವು ತಲುಪುವಷ್ಟರಲ್ಲಿ ಬಿಸಿಲೇರಿ ಹಕ್ಕಿಗಳೆಲ್ಲ ಪೊದೆ ಸೇರಿರುತ್ತಿದ್ದವು. ಬೆಟ್ಟ ಹತ್ತುವಾಗಲೂ ಅವರದು ಬಸ್ಸಿನ ಕಾನೂನೇ: ಒಂದು ಸೀಟಿಗೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.

ಒಮ್ಮೆ ಹೇಗೋ ಬೇಗ ಹೊರಟೆವು. ಕೋಟೆ ಬಾಗಿಲ ಹತ್ತಿರದ ಬಂಡೆಯ ಮೇಲೆ ಪಿಕಳಾರ ಕೂತಿತ್ತು! ಉಸಿರು ಬಿಗಿಹಿಡಿದು ಅವ್ವನನ್ನು ಕರೆಯಲು ತಿರುಗಿದೆ. ಮಂಡಿನೋವಿನ ಅವ್ವ ಎಷ್ಟೋ ಕೆಳಗೆ, ಮೆಟ್ಟಿಲ ಮೇಲೆ ಕೂತಿದ್ದಳು.

"ಹೋಲ್ಡಾನ್!" ಪೀ...!

ಹಕ್ಕಿ ಹಾರಿಹೋಯಿತು.

"ರುದ್ರಣ್ಣ, ಬುದ್ಧಿ ಐತಾ ನಿಮ್ಗೆ?"

"ನಿಮ್ಮವ್ವ ಹಿಂದೆ ಉಳ್ಕಂಡವ್ರೆ ಮೇಷ್ಟ್ರೇ. ಪ್ಯಾಸೆಂಜರ್ ಬುಟ್ಟು ಗಾಡಿ ಹೊರಡ್ಸಕ್ಕಾಯ್ತದಾ?"

"ಇದು ಬಸ್ಸಲ್ಲ!"

"ಅದ್ಕೇ ಹೇಳಿದ್ದು. ಬಸ್ಸಾಗಿದ್ರೆ ಹಿಂದ್ಗಡೆ ಇನ್ನೊಂದು ಬರ್ತಿತ್ತು."

ಬೇಡಿಕೊಂಡದ್ದಕ್ಕೆ ಮುಂದಿನ ಸಲ ಸೀಟಿಯನ್ನು ಮನೆಯಲ್ಲೇ ಬಿಟ್ಟು ಬಂದರು. ಅದರ ಬದಲು ಚಪ್ಪಾಳೆ ತಟ್ಟಿದರು.

ಕೆಲವು ವರ್ಷಗಳ ಮೇಲೆ ರುದ್ರಣ್ಣ, ಮಗಳ ಜೊತೆ ಇರಲೆಂದು ಹಾಸನಕ್ಕೆ ಹೊರಟರು. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋಗಿದ್ದೆ. ಕಿಟಕಿಯಿಂದ ತಲೆ ಹಾಕಿ, "ಅವ್ವನ್ನ ಬುಟ್ಟು ಹತ್ತಬ್ಯಾಡಿ" ಎಂದರು. ಇನ್ನಾದರೂ ನೆಟ್ಟಗೆ ಹಕ್ಕಿ ತೋರಿಸಬಹುದು ಎಂದುಕೊಂಡೆ.

ಮುಂದಿನ ನಡಿಗೆಗೆ ನಾನೇ ಮನೆ ಮನೆಗೂ ಹೋಗಿ ಕರೆದೆ. "ರುದ್ರಣ್ಣ ಇಲ್ವಾ? ನೋಡಾನ ಬುಡಿ ಮೇಷ್ಟ್ರೇ" ಎಂದರು ಎಲ್ಲರೂ. ಕೊನೆಗೆ ಅವ್ವನೂ ಎದ್ದೇಳಲಿಲ್ಲ.

"ನೀನು ಮುಂದ್ಮುಂದ್ಕೆ ಓಡ್ತೀಯ ಕಣೋ. ನಂಗೆ ಅಂತ ನಿಲ್ಲೋರು ಯಾರವ್ರೆ?"

ಒಬ್ಬನೇ ಹೋಗಿ ಹತ್ತಿದೆ. ಕೋಟೆ ಬಾಗಿಲ ಹತ್ತಿರ ಅದೇ ಬಂಡೆಯ ಮೇಲೆ ಪಿಕಳಾರ ಕೂತಿತ್ತು. ನಾನು ನಿಂತಷ್ಟು ಹೊತ್ತೂ ಹಾರಲಿಲ್ಲ.